ಪ್ರಸಾದಣ್ಣನ ಬ್ಯಾಟರಿ ಪೆಟ್ಟಿಗೆ

ಚಾಮರಾಜಪುರಂನ ನಮ್ಮ ಅಡ್ಡರಸ್ತೆಯಲ್ಲಿ ಕರೆಂಟು ಕೈಕೊಟ್ಟರೆ ಜನ ಮೊದಲು ಕೂಗುತ್ತಿದ್ದದ್ದು ಮಹದೇವಪ್ರಸಾದರನ್ನು. ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಅವರು ಎಲೆಕ್ಟ್ರಿಷಿಯನ್. ಪಾಳಿ ಮುಗಿಸಿ ಬಸ್ಸಿಳಿದು ಬರುವಷ್ಟರಲ್ಲಿ ಯಾರದೋ ಮಿಕ್ಸಿ, ಯಾರದೋ ಇಸ್ತ್ರಿಪೆಟ್ಟಿಗೆ ಅವರ ಜಗಲಿಯ ಮೇಲೆ ಬಂದು ಕೂತಿರುತ್ತಿತ್ತು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಟೆಸ್ಟರ್, ಮಾತು ಕಮ್ಮಿ. ಬೀದಿಗೆಲ್ಲ ಅವರು ಪ್ರಸಾದಣ್ಣ.

ಅವರಿಗಿದ್ದ ಹುಚ್ಚು ಒಂದೇ, ಬೆಟ್ಟ ಹತ್ತುವುದು. ಶನಿವಾರ ಮಧ್ಯಾಹ್ನ ಏಳೆಂಟು ಜನ ಸೇರಿಕೊಂಡು ಕುಂತಿ ಬೆಟ್ಟಕ್ಕೋ ಕರಿಘಟ್ಟಕ್ಕೋ ಹೋಗುವುದು, ಬಯಲಿನಲ್ಲಿ ಟೆಂಟು ಹೊಡೆದು ಅಡುಗೆ ಮಾಡಿ ಉಂಡು, ಅಲ್ಲೇ ಮಲಗಿ ಭಾನುವಾರ ಮರಳುವುದು. ಹೈಸ್ಕೂಲು ಮೇಷ್ಟ್ರಾಗಿದ್ದ ನಾನೂ ಆ ತಂಡದಲ್ಲಿದ್ದೆ. ಪ್ರಸಾದಣ್ಣನ ಕಾರ್ಖಾನೆಯವನೇ ಆದ ದೇವಯ್ಯ ನಮ್ಮ ಅಡುಗೆಯವನು. ಸೀಮೆಎಣ್ಣೆ ಲಾಟೀನು ಗಾಳಿಗೆ ನಿಲ್ಲುವುದಿಲ್ಲವೆಂದು ಪ್ರಸಾದಣ್ಣ ತಾವೇ ಒಂದು ಬ್ಯಾಟರಿ ಪೆಟ್ಟಿಗೆ ಮಾಡಿದ್ದರು. ತಗಡಿನ ಪೆಟ್ಟಿಗೆಯೊಳಗೆ ಹನ್ನೆರಡು ವೋಲ್ಟಿನ ಬ್ಯಾಟರಿ, ಹೊರಗೆ ಎರಡು ಗಿಡ್ಡ ಟ್ಯೂಬ್‌ಲೈಟು, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ. ಅದನ್ನು ಬಂಡೆಯ ಮೇಲಿಟ್ಟು ಸ್ವಿಚ್ಚು ಒತ್ತಿದರೆ ಇಡೀ ಬಿಡಾರ ಬೆಳಗುತ್ತಿತ್ತು. ಅದನ್ನು ಬೇರೆಯವರು ಹೊರಲು ಅವರು ಬಿಡುತ್ತಿರಲಿಲ್ಲ.

ತೊಂಬತ್ತೇಳನೇ ಇಸವಿಯ ಚಳಿಗಾಲದಲ್ಲಿ ಆ ಪೆಟ್ಟಿಗೆಯ ಮೇಲೆ ಅವರಿಗೆ ಮೊದಲ ಅನುಮಾನ ಬಂತು.

"ದೇವಯ್ಯ, ಬೆಳಕು ಇಳೀತಾ ಇಲ್ವಾ?" ಎಂದು ಕೇಳಿದರು.

ದೇವಯ್ಯ ಈರುಳ್ಳಿ ಹೆಚ್ಚುತ್ತಿದ್ದವನು ತಲೆಯೆತ್ತಿ ನೋಡಿದ. "ಇಲ್ಲ ಕಣಣ್ಣ, ಚೆನ್ನಾಗೇ ಉರೀತಾ ಅದೆ."

ಪ್ರಸಾದಣ್ಣ ನಂಬಲಿಲ್ಲ. ತಮ್ಮ ಮುಖ ನೋಡಿ ಹಾಗೆ ಹೇಳುತ್ತಿದ್ದಾನೆ ಅಂದುಕೊಂಡರು. ಮಾರನೆಯ ದಿನ ಮನೆಗೆ ಬಂದವರೇ ಪೆಟ್ಟಿಗೆ ಬಿಚ್ಚಿದರು. ಬ್ಯಾಟರಿಯ ತುದಿಗಳನ್ನು ಎಮರಿ ಕಾಗದದಲ್ಲಿ ಉಜ್ಜಿ ವ್ಯಾಸಲಿನ್ ಸವರಿದರು. ಫ್ಯೂಸು ಕೂರುವ ಜಾಗ ಸಡಿಲವಾಗಿರಬಹುದೆಂದು ಅದನ್ನು ಬದಲಿಸಿದರು. ವೈರು ಸಣ್ಣದಾಯಿತೇನೋ ಎಂದು ದಪ್ಪನೆಯದು ಹಾಕಿದರು. ಮೀಟರು ಹಿಡಿದರೆ ಲೆಕ್ಕ ಸರಿಯಾಗಿತ್ತು. ದೀಪ ಹೊತ್ತಿಸಿಯೇ ಹಿಡಿದರೂ ಸರಿಯಾಗಿತ್ತು. ಆದರೆ ಮುಂದಿನ ಸಲ ಬೆಟ್ಟದಲ್ಲಿ ಮತ್ತೆ ಅದೇ ಮಂಕು.

ಬ್ಯಾಟರಿ ಕೊಟ್ಟಿದ್ದವನು ಚೆಲುವರಾಜು. ನಮ್ಮ ಬಡಾವಣೆಯಲ್ಲೇ ಅವನದೊಂದು ಚಿಕ್ಕ ಅಂಗಡಿ. ಪ್ರಸಾದಣ್ಣನ ಮೇಲೆ ಗೌರವ ಇಟ್ಟವನು. ಒಂದು ಮಾತೂ ಆಡದೆ ಬೇರೆ ಬ್ಯಾಟರಿ ಕೊಟ್ಟ. ಟ್ಯೂಬುಗಳು ಬದಲಾದವು, ಚಾರ್ಜರು ಬದಲಾಯಿತು. ಮೀಟರೇ ಸುಳ್ಳು ಹೇಳುತ್ತಿದೆ ಎಂದು ಪ್ರಸಾದಣ್ಣ ಕಾರ್ಖಾನೆಯ ಮೀಟರು ತಂದು ನೋಡಿದರು. ಅದೂ ಅದನ್ನೇ ಹೇಳಿತು. ಊಟದ ಹೊತ್ತಿನಲ್ಲೂ ಅವರಿಗೆ ಅದೇ ಧ್ಯಾನ. ತಟ್ಟೆಯ ಪಕ್ಕದ ನೀರಿನ ಲೋಟಕ್ಕೆ ಕೈ ತಗುಲಿ ಅದು ಉರುಳಿದರೆ, "ಎಲ್ಲಿದೆ ನಿಮ್ಮ ಗಮನ?" ಎಂದು ಅವರ ಹೆಂಡತಿ ಪ್ರೇಮಲೀಲಾ ಗದರುತ್ತಿದ್ದರು. ಲೋಟ ಉರುಳುವುದು ದಿನದ ಮಾತಾದಾಗ ಅವರು ಗದರುವುದನ್ನು ಬಿಟ್ಟು, ಗಂಡನನ್ನು ಸುಮ್ಮನೆ ಗಮನಿಸತೊಡಗಿದರು.

ಮರುವರ್ಷ ಕುಂತಿ ಬೆಟ್ಟದಲ್ಲಿ ಅನಾಹುತವಾಯಿತು. ಹೊತ್ತು ಮುಳುಗಿ ಸ್ವಲ್ಪವೇ ಆಗಿತ್ತು. ಮೂರು ಕಲ್ಲಿನ ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ದೇವಯ್ಯ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಪ್ರಸಾದಣ್ಣ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು, ಎರಡೂ ದೀಪ ಹೊತ್ತಿಸಿಕೊಂಡೇ ಟೆಂಟಿನ ಕಡೆಯಿಂದ ನಡೆದುಬಂದರು. ಒಲೆ ಅವರ ಬಲಕ್ಕಿತ್ತು. ನಾವು ನೋಡುತ್ತಿದ್ದಂತೆಯೇ ಅವರ ಕಾಲು ನೆಟ್ಟಗೆ ಪಾತ್ರೆಗೆ ಬಡಿಯಿತು. ಕುದಿಯುವ ಸಾರು ದೇವಯ್ಯನ ತೊಡೆಯಿಂದ ಪಾದದವರೆಗೆ ಚೆಲ್ಲಿತು. ಅವನ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಮೊಣಕಾಲೂರಿ ಬಿದ್ದಿದ್ದ ಪ್ರಸಾದಣ್ಣ, "ದರಿದ್ರ ಬ್ಯಾಟರಿ! ಬೆಳಕೇ ಇಲ್ಲ, ಬೆಳಕೇ ಇಲ್ಲ" ಎಂದು ಪೆಟ್ಟಿಗೆಯನ್ನು ಗುದ್ದುತ್ತಿದ್ದರು. ಆ ಪೆಟ್ಟಿಗೆಯ ಬೆಳಕಿನಲ್ಲೇ ನಾವು ದೇವಯ್ಯನ ಕಾಲಿನಿಂದ ಬೇಳೆ ತೊಳೆದು, ಪಂಚೆ ಹರಿದು ಸುತ್ತಿದೆವು. ನಮಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು.

ಸೋಮವಾರ ಪ್ರಸಾದಣ್ಣ ಚೆಲುವರಾಜುವಿನ ಅಂಗಡಿಗೆ ಹೋದರು. ಗಿರಾಕಿಗಳಿದ್ದರು. ಎಂದೂ ದನಿಯೇರಿಸದ ಮನುಷ್ಯ ಅಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದರು. "ಹಳೇ ಮಾಲಿಗೆ ಹೊಸಾ ಸ್ಟಿಕ್ಕರ್ ಅಂಟಿಸಿ ಮಾರ್ತೀಯಾ? ನಿನ್ನಿಂದ ಒಬ್ಬನ ಕಾಲು ಬೆಂದುಹೋಯ್ತು ಕಣೋ."

ಚೆಲುವರಾಜುವಿನ ಮುಖ ಬಿಳಿಚಿಕೊಂಡಿತು. "ಸಾರ್, ನೀವು ಇಂಥ ಮಾತಾಡ್ಬುಟ್ರಲ್ಲ" ಎಂದ. "ನಾಳೆ ಮಧ್ಯಾಹ್ನ ಪೆಟ್ಟಿಗೆ ತನ್ನಿ. ನಿಮ್ಮ ಕಣ್ಮುಂದೇನೇ ಪರೀಕ್ಷೆ ಮಾಡೇ ಬುಡೋಣ. ಮಾಲು ಕೆಟ್ಟಿದ್ರೆ ಅಂಗಡಿ ಮುಚ್ತೀನಿ."

ಮಾರನೆಯ ದಿನ ಪ್ರೇಮಲೀಲಾ ತಾವೂ ಬರುತ್ತೇನೆಂದು ಹೊರಟರು. ಜಗಳವಾದೀತು ಎಂಬ ಭಯ ಒಂದು ಕಡೆ. ಅದಕ್ಕಿಂತ ದೊಡ್ಡದೊಂದು ಭಯ ಅವರ ಮನಸ್ಸಿನಲ್ಲಿತ್ತು. ಮುಂದೆ ನಡೆದದ್ದನ್ನು ನನಗೆ ಹೇಳಿದವರು ಅವರೇ.

ಚೆಲುವರಾಜು ಅಂಗಡಿಯ ಷಟರ್ ಎಳೆದ. ಒಳಗೆ ಕತ್ತಲಾಯಿತು. ಮೇಜಿನ ಮೇಲೆ ಪ್ರಸಾದಣ್ಣನ ಪೆಟ್ಟಿಗೆ, ಪಕ್ಕದಲ್ಲಿ ಅವನೇ ಜೋಡಿಸಿದ ಹೊಸದೊಂದು. ಎರಡನ್ನೂ ಹೊತ್ತಿಸಿದ. ಪ್ರೇಮಲೀಲಾ ಕಣ್ಣು ಕಿರಿದುಮಾಡಿಕೊಂಡರು.

"ಹೇಳಿ ಸಾರ್, ಯಾವ್ದು ಮಂಕು?"

ಪ್ರಸಾದಣ್ಣ ಬಗ್ಗಿ ನೋಡಿದರು. ಒಂದನ್ನು ನೋಡಿ ಇನ್ನೊಂದನ್ನು ನೋಡಿದರು. "ಎರಡೂ ಮಂಕೇ" ಎಂದರು.

ಚೆಲುವರಾಜು ಗೋಡೆಗೆ ಒರಗಿ, ದೀಪಗಳಿಂದ ಅಷ್ಟು ದೂರ ನಿಂತೇ ಅಂದಿನ ಪೇಪರಿನಲ್ಲಿದ್ದ ಸಣ್ಣಕ್ಷರದ ಜಾಹೀರಾತನ್ನು ಗಟ್ಟಿಯಾಗಿ ಓದಿದ. ಪ್ರಸಾದಣ್ಣ ದನಿ ಬಂದ ಕಡೆಗೆ ತಿರುಗಿದರು. "ನೀನು ಅಲ್ಲಿದ್ದೀಯಾ?"

ಆಗ ಪ್ರೇಮಲೀಲಾ ಗಂಡನ ಪಕ್ಕಕ್ಕೆ ಬಂದು ನಿಂತು, ಅವರ ಕಿವಿಯ ಸಮಕ್ಕೆ ಅಂಗೈ ಚಾಚಿದರು. "ರೀ, ನೆಟ್ಟಗೆ ಮುಂದೇನೇ ನೋಡಿ. ನನ್ನ ಕೈ ಕಾಣ್ತಿದ್ಯಾ?"

"ಯಾವ ಕೈ?"

ಅವರು ಕೈಯನ್ನು ನಿಧಾನವಾಗಿ ಮುಂದಕ್ಕೆ ತಂದರು. ಕೆನ್ನೆಯ ನೇರಕ್ಕೆ ಬಂದರೂ ಇಲ್ಲ, ಹುಬ್ಬಿನ ತುದಿಗೆ ಬಂದರೂ ಇಲ್ಲ. ಮೂಗಿನ ಮುಂದೆ ಬಂದಾಗ ಪ್ರಸಾದಣ್ಣ ಬೆಚ್ಚಿ ಹಿಂದಕ್ಕೆ ಸರಿದರು. ಚೆಲುವರಾಜು ಹೋಗಿ ಷಟರ್ ಎತ್ತಿದ, ಬಿಸಿಲು ಒಳಗೆ ನುಗ್ಗಿತು. ಅವನು ಅಳುತ್ತಿದ್ದನಂತೆ.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಬಹಳ ಹೊತ್ತು ಪರೀಕ್ಷೆ ಮಾಡಿದರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಕ್ಕೆ ಸಾಯುತ್ತ ಬರುತ್ತಿದೆ, ಮೊದಲು ಹೋಗುವುದು ಮಬ್ಬಿನಲ್ಲಿ ನೋಡುವ ಶಕ್ತಿ, ಆಮೇಲೆ ಅಕ್ಕಪಕ್ಕದ ನೋಟ ಎಂದರು. ಔಷಧಿಯಿಲ್ಲ, ಕನ್ನಡಕದಿಂದ ಉಪಯೋಗವಿಲ್ಲ. "ನಿಮ್ಮ ತಂದೆತಾಯಿ ಸಂಬಂಧದಲ್ಲೇ ಮದುವೆ ಆದವರಾ?" ಎಂದು ಕೇಳಿದರು. ಹೌದು, ಅವರ ತಾಯಿಯನ್ನು ಸೋದರಮಾವನಿಗೇ ಕೊಟ್ಟಿದ್ದರು. ಮನೆತನದ ಹಿರಿಯರೊಬ್ಬರು ದೀಪ ಹಚ್ಚುವ ಹೊತ್ತಾದ ಮೇಲೆ ಹೊಸ್ತಿಲು ದಾಟುತ್ತಿರಲಿಲ್ಲ ಎಂಬುದು ಪ್ರಸಾದಣ್ಣನಿಗೆ ಆಗ ನೆನಪಾಯಿತು. ಅದನ್ನು ಎಲ್ಲರೂ ಅವರ ಮಡಿಯೆಂದು ತಿಳಿದಿದ್ದರು.

"ಮಕ್ಕಳಿದಾರಾ?" ಡಾಕ್ಟರಮ್ಮ ಕೇಳಿದರು.

ಒಬ್ಬಳೇ ಮಗಳು ಅಕ್ಷತಾ, ಆಗಿನ್ನೂ ಪ್ರೈಮರಿ ಶಾಲೆಯಲ್ಲಿದ್ದಳು. ನೀವಿಬ್ಬರೂ ಸಂಬಂಧಿಕರಲ್ಲದ್ದರಿಂದ ಅವಳಿಗೆ ಇದು ಬಾರದೇ ಇರಬಹುದು, ಆದರೂ ಸ್ವಲ್ಪ ದೊಡ್ಡವಳಾದ ಮೇಲೆ ಒಮ್ಮೆ ಕರೆತನ್ನಿ ಎಂದು ಹೇಳಿ ಕಳಿಸಿದರು.

ಪ್ರಸಾದಣ್ಣ ಮೊದಲು ಹೋದದ್ದು ಚೆಲುವರಾಜುವಿನ ಅಂಗಡಿಗೆ. ಗಿರಾಕಿಗಳ ಎದುರಿಗೇ ಕೈಮುಗಿದು, "ತಪ್ಪು ನಂದು ಕಣಪ್ಪ" ಎಂದರು. ಅವನು ಅವರ ಕೈ ಹಿಡಿದು ಇಳಿಸಿದ. ಅಲ್ಲಿಂದ ದೇವಯ್ಯನ ಮನೆಗೆ. ಅವನ ಕಾಲು ಇನ್ನೂ ಕಟ್ಟಿನಲ್ಲಿತ್ತು. ಎಲ್ಲವನ್ನೂ ಕೇಳಿಸಿಕೊಂಡು ಅವನು ಒಂದೇ ಒಂದು ಪ್ರಶ್ನೆ ಕೇಳಿದ. "ಕಾರ್ಖಾನೇಲಿ ಹೇಳಿದ್ರಾ ಅಣ್ಣ?"

ಹೇಳಿರಲಿಲ್ಲ. ಅದನ್ನು ಮಾತ್ರ ಅವರಿಂದ ಹೇಳಲಾಗಲಿಲ್ಲ. ಪ್ಯಾನೆಲ್ ಕೋಣೆಯ ಒಂದೊಂದು ಸ್ವಿಚ್ಚೂ ಅವರಿಗೆ ಬಾಯಿಪಾಠವಾಗಿತ್ತು. ಕಣ್ಣು ಮುಚ್ಚಿಕೊಂಡೂ ಮಾಡಬಲ್ಲೆ ಎಂದು ಹೆಂಡತಿಯ ಹತ್ತಿರ ವಾದಿಸುತ್ತಿದ್ದರು. ಪ್ರೇಮಲೀಲಾ ಅತ್ತರು, ಮಾತು ಬಿಟ್ಟರು, ಒಂದು ದಿನ ಅವರು ಕೆಲಸಕ್ಕೆ ಒಯ್ಯುವ ಚೀಲವನ್ನೇ ಬಚ್ಚಿಟ್ಟರು. ದೇವಯ್ಯ ಕೆಲಸಕ್ಕೆ ಮರಳಿದ ಮೇಲೆ ಮನೆಗೇ ಬಂದು, "ನೀವು ಹೇಳ್ದಿದ್ರೆ ನಾನು ಹೇಳ್ಬೇಕಾಯ್ತದೆ. ನನ್ ಕಾಲು ಸುಟ್ಟಿದ್ದು ಓಗ್ಲಿ ಬುಡಿ. ನಾಳೆ ಯಾರದೋ ಪ್ರಾಣ ಓದ್ರೆ?" ಎಂದ. ಪ್ರಸಾದಣ್ಣ ಎದ್ದು ನಿಂತು ಬಾಗಿಲು ತೋರಿಸಿದರು. ಅಷ್ಟು ವರ್ಷದ ಸ್ನೇಹ ಅಂದು ಮುರಿದುಹೋಯಿತೆಂದೇ ಪ್ರೇಮಲೀಲಾ ತಿಳಿದರು.

ಮಳೆಗಾಲದ ಒಂದು ಪಾಳಿಯಲ್ಲಿ ಕರೆಂಟು ಹೋಯಿತು, ಮೇನ್ ಸ್ವಿಚ್ಚು ಇಳಿಸಿದರು. ಬೀರಯ್ಯ ಎಂಬ ಸಹಾಯಕ ಪ್ಯಾನೆಲ್ಲಿನ ಬದಿಯ ಬಾಗಿಲು ತೆರೆದು, ಒಳಗೆ ಕೈಯಿಟ್ಟು ಒಂದು ಬೋಲ್ಟು ಬಿಗಿಮಾಡುತ್ತಿದ್ದ. ಪ್ರಸಾದಣ್ಣನೂ ಅದೇ ಕೋಣೆಯಲ್ಲಿದ್ದರು. ಕರೆಂಟು ಬಂದ ಸೂಚನೆಯ ಕೆಂಪು ದೀಪ ಎದುರಿಗೆ ಕಂಡದ್ದೇ ತಡ, ಅವರ ಕೈ ಅಭ್ಯಾಸದಂತೆ ಮೇನ್ ಸ್ವಿಚ್ಚಿಗೆ ಹೋಯಿತು. ಹಿಡಿಯನ್ನು ಎತ್ತಬೇಕು, ಆಗ ಬೀರಯ್ಯ, "ಅಯ್ಯೋ ಸಾರ್, ನಾನಿಲ್ಲೇ ಇವ್ನಿ!" ಎಂದು ಕಿರುಚಿದ. ಒಂದು ತೋಳಿನಷ್ಟು ದೂರದಲ್ಲಿ ನಿಂತಿದ್ದ ಮನುಷ್ಯ ಅವರಿಗೆ ಕಂಡಿರಲೇ ಇಲ್ಲ.

ಪ್ರಸಾದಣ್ಣ ಕೈ ತೆಗೆದರು. ಅಲ್ಲೇ ನೆಲದ ಮೇಲೆ ಕೂತರು. ಆಮೇಲೆ ಗೋಡೆ ಹಿಡಿದುಕೊಂಡು ಪಾಳಿಯ ಮೇಲಧಿಕಾರಿಯ ಬಳಿ ಹೋಗಿ ಎಲ್ಲವನ್ನೂ ಹೇಳಿದರು.

ಕೆಲಸ ಹೋಗಲಿಲ್ಲ. ಹಗಲು ಪಾಳಿಗೆ, ಮೋಟರಿಗೆ ತಂತಿ ಸುತ್ತುವ ವಿಭಾಗಕ್ಕೆ ಹಾಕಿದರು. ಹೊಸದಾಗಿ ಸೇರಿದವರ ಸಾಲಿನಲ್ಲಿ, ಕಿಟಕಿಯ ಪಕ್ಕ ಒಂದು ಸ್ಟೂಲು. ಎದುರಿನ ತಂತಿ ಕಂಡರೆ ಸಾಕಾದ ಕೆಲಸ. ಅವರು ಚೆನ್ನಾಗಿಯೇ ಮಾಡಿದರು, ಆದರೆ ಮನೆಗೆ ಬಂದು ಅದರ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ಬೆಟ್ಟಕ್ಕೆ ಹೋಗುವುದು ನಿಂತಿತು. ಅವರಿಲ್ಲದೆ ನಮಗೂ ಮನಸ್ಸಾಗದೆ ತಂಡ ಹಾಗೆಯೇ ಚದುರಿತು. ದೇವಯ್ಯ ಮಾತ್ರ ಒಂದು ಬೆಳಿಗ್ಗೆ ಬಸ್‌ಸ್ಟಾಪಿಗೆ ಬಂದು, ಏನೂ ಆಗಿಲ್ಲವೆಂಬಂತೆ ಪಕ್ಕದಲ್ಲಿ ನಿಂತು, ಬಸ್ಸು ಬಂದಾಗ ತನ್ನ ಹೆಗಲು ಕೊಟ್ಟ. ಆಮೇಲೆ ಅದೇ ರೂಢಿಯಾಯಿತು.

ಮಗಳ ಚಿಂತೆ ಪ್ರೇಮಲೀಲಾ ಅವರನ್ನು ತಿಂದುಹಾಕಿತು. ಮುಸ್ಸಂಜೆಯಲ್ಲಿ ದೀಪ ಹಾಕುವ ಮುಂಚೆ ಒಂದು ಗುಂಡಿಯನ್ನೋ ಹೇರ್‌ಪಿನ್ನನ್ನೋ ಬೇಕೆಂದೇ ಬೀಳಿಸಿ, "ಅಕ್ಷತಾ, ಹುಡುಕಿಕೊಡಮ್ಮ" ಎನ್ನುವರು. ಅವಳು ತಟ್ಟನೆ ಎತ್ತಿಕೊಟ್ಟರೆ ಅಂದಿಗೆ ನೆಮ್ಮದಿ. ತಡವಾದರೆ ಇವರಿಗೆ ಊಟ ಸೇರುತ್ತಿರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವ ಮಾತು ಬಂದಾಗಲೆಲ್ಲ ಗಂಡಹೆಂಡಿರಲ್ಲಿ ಒಬ್ಬರಲ್ಲ ಒಬ್ಬರು ಮುಂದೂಡುತ್ತಿದ್ದರು. ಅವಳು ಎಸ್ಸೆಸ್ಸೆಲ್ಸಿಗೆ ಬಂದಾಗ ತಾನೇ ಹೇಳಿದಳು. "ಅಮ್ಮ, ನೀನು ಪಿನ್ನು ಬೀಳಿಸೋದು ಯಾಕೆ ಅಂತ ನಂಗೆ ಯಾವಾಗ್ಲೋ ಗೊತ್ತು. ನಡಿ, ತೋರಿಸ್ಕೊಂಡೇ ಬಂದ್ಬಿಡೋಣ."

ಪರದೆ ಚೆನ್ನಾಗಿದೆ, ಸದ್ಯಕ್ಕೆ ಯಾವ ಗುರುತೂ ಇಲ್ಲ ಎಂದರು ಡಾಕ್ಟರಮ್ಮ. ಪ್ರೇಮಲೀಲಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಿಕ್ಕಿದರು. 'ಸದ್ಯಕ್ಕೆ' ಎಂಬ ಮಾತು ಮಾತ್ರ ಅವರ ಮನಸ್ಸಿನಿಂದ ಕೊನೆಗೂ ಹೋಗಲಿಲ್ಲ.

ಎರಡು ಸಾವಿರದ ಆರರ ಹೊತ್ತಿಗೆ ಪ್ರಸಾದಣ್ಣನಿಗೆ ಉಳಿದಿದ್ದದ್ದು ಕೊಳವೆಯೊಳಗಿಂದ ನೋಡಿದಷ್ಟು ನೋಟ. ಪೇಪರನ್ನು ಪದ ಪದವಾಗಿ ಓದುವರು. ಎದುರಿಗೆ ಬಂದ ಮುಖದ ಕಣ್ಣು ಕಂಡರೆ ಬಾಯಿ ಕಾಣದು. ಪಕ್ಕದಿಂದ ಮಾಡಿದ ನಮಸ್ಕಾರ ಕಾಣದೆ ಎಷ್ಟೋ ಜನರ ಕಣ್ಣಲ್ಲಿ ಅವರು ಜಂಬದವರಾದರು. ಹಾಗಿದ್ದರೂ ಕೋಲು ಹಿಡಿಯಲು ಒಪ್ಪಲಿಲ್ಲ. ಅಕ್ಷತಾ ತಂದುಕೊಟ್ಟಿದ್ದ ಬಿಳಿಕೋಲು ಬೀರುವಿನ ಮೇಲೆ ಧೂಳು ಹಿಡಿದಿತ್ತು. "ಅದು ಹಿಡಿದ ದಿನ ನಾನು ಕುರುಡ ಅಂತ ಬೀದೀಲಿ ಡಂಗುರ ಹೊಡೆದ ಹಾಗೆ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಬೆಟ್ಟಮ್ಮ ತಿರುವಿನಲ್ಲಿ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ಪ್ರಸಾದಣ್ಣ ಅವಳನ್ನೇ ಎಡವಿ, ಅವಳ ಮೇಲೇ ಬಿದ್ದರು. ಮುದುಕಿಯ ಮಣಿಕಟ್ಟು ಉಳುಕಿತು. ಅವಳು ಬೈಯಲಿಲ್ಲ. ಸೊಪ್ಪನ್ನು ಆಯ್ದುಕೊಳ್ಳುತ್ತ, "ಒಂದು ಕೋಲು ಇಡ್ಕೊಂಡಿದ್ರೆ ನಾನೇ ಸರ್ಕೋತಿದ್ನಲ್ಲ ಬುದ್ಧಿ" ಎಂದಳು. ಪ್ರಸಾದಣ್ಣ ರಸ್ತೆಯಲ್ಲಿ ಕೂತುಕೊಂಡೇ ಕೈಯಾಡಿಸಿ, ಸಿಕ್ಕ ಸೊಪ್ಪನ್ನೆಲ್ಲ ಅವಳ ಬುಟ್ಟಿಗೆ ಹಾಕಿದರು.

ಮಾರನೆಯ ದಿನ ಅವರು ಬಿಳಿಕೋಲು ಹಿಡಿದು ಹೊರಗೆ ಬಂದರು. ಬಾಗಿಲಲ್ಲಿ ಪ್ರೇಮಲೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಾನು ಗೇಟಿನಲ್ಲಿದ್ದೆ. "ಪ್ರಸಾದಣ್ಣ, ನಾನು" ಎಂದಷ್ಟೇ ಅಂದೆ.

"ಗೊತ್ತಾಯ್ತು ಬನ್ನಿ ಮೇಷ್ಟ್ರೇ" ಎಂದರು. ಕೋಲಿನ ತುದಿಯನ್ನು ರಸ್ತೆಯ ಅಂಚಿಗೆ ತಾಗಿಸಿ ಒಂದು ಕ್ಷಣ ನಿಂತರು. "ಈ ಎಡಗಡೆ ಮೋರಿ ಕಲ್ಲು ಎತ್ತಿದ್ರಲ್ಲ, ಮುಚ್ಚಿದಾರಾ?"

"ಇನ್ನೂ ಇಲ್ಲ" ಎಂದೆ.

ಅವರು ತಲೆಯಾಡಿಸಿ, ಕೋಲನ್ನು ಎಡಗೈಗೆ ಬದಲಿಸಿಕೊಂಡು, ಬಸ್‌ಸ್ಟಾಪಿನ ಕಡೆಗೆ ನಡೆದರು.