ಸೀಮೆಸುಣ್ಣದಲ್ಲಿ ಬರೆದ ಒಂಬೈನೂರು

ಸರಪಳಿ ತುಂಡಾದ ಸದ್ದಿಗೆ ಹೊರಗೆ ಓಡಿ ಬಂದೆ. ಸಂಜೀವಣ್ಣನ ಬಲಗಾಲು ಉಕ್ಕಿನ ತೊಲೆಯ ಅಡಿಯಲ್ಲಿತ್ತು. ತೊಲೆಯ ಮೇಲೆ ನಾನೇ ಸೀಮೆಸುಣ್ಣದಲ್ಲಿ ಬರೆದ ತೂಕ ಎದ್ದು ಕಾಣುತ್ತಿತ್ತು: 900 ಕಿಲೋ.

ಸಂಜೀವಣ್ಣ ನಮ್ಮ ಸೀತಾಂಗೋಳಿಯ ವರ್ಕ್‌ಶಾಪಿನಲ್ಲಿ ಭಾರ ಎತ್ತಿಸುವ ಹಿರಿಯರು. ತುದಿಗೆ ಹಾರೆ ಕೊಟ್ಟು ಮೀಟಿ ನೋಡದೆ ಏನನ್ನೂ ಎತ್ತಿಸುತ್ತಿರಲಿಲ್ಲ. ಅರ್ಧ ಗಂಟೆ ಮೊದಲು ಈ ತೊಲೆಯನ್ನೂ ಮೀಟಿ ನೋಡಿ ನನ್ನ ಬಳಿ ಬಂದಿದ್ದರು.

“ಒಂದು ಟನ್ನಿನ ಚೈನ್ ಸಾಕಾಗುದಿಲ್ಲ ಮಾರಾಯ್ರೇ. ಇದು ಎರಡೂವರೆ ಟನ್ ಆದ್ರೂ ಉಂಟು.”

“ಕಂಪ್ಯೂಟರಿಗಿಂತ ನಿಮ್ಮ ಹಾರೆಗೆ ಹೆಚ್ಚು ಗೊತ್ತುಂಟಾ?” ಎಂದೆ. ತೊಂಬತ್ತೆಂಟನೆಯ ಇಸವಿ. ನಕ್ಷೆ ಬರೆದರೆ ತೂಕವನ್ನೂ ಹೇಳುವ ಕಂಪ್ಯೂಟರ್ ನಮ್ಮಲ್ಲಿಗೆ ಬಂದು ಎರಡೇ ತಿಂಗಳಾಗಿತ್ತು. ಅದನ್ನು ಬಲ್ಲವನು ನಾನೊಬ್ಬನೇ. ಅವರು ಹೋಗಿ ಅದೇ ಚೈನ್ ಹಾಕಿದರು.

ಅವರನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಪರದೆ ನೋಡಿದೆ. ಹಿಂದಿನ ಕೆಲಸ ಅಲ್ಯೂಮಿನಿಯಂ ಚಪ್ಪರದ್ದು. ಅದೇ ಫೈಲಿನಲ್ಲಿ ತೊಲೆ ಬಿಡಿಸಿದ್ದೆ. ಸಾಂದ್ರತೆಯ ಜಾಗದಲ್ಲಿ ಅಲ್ಯೂಮಿನಿಯಂನ 2700 ಹಾಗೆಯೇ ಉಳಿದಿತ್ತು. ಉಕ್ಕಿನ 7850 ಹೊಡೆದೆ. ಕ್ಷಣದಲ್ಲಿ ತೂಕ 2617 ಕಿಲೋ ಆಯಿತು.

ಸಂಜೀವಣ್ಣನ ಕಾಲು ತೆಗೆದರು. ನೋಡಲು ಹೋದಾಗ ಅವರು ಕೇಳಿದ್ದು ಒಂದೇ: “ಸರಿಯಾದ ತೂಕ ಎಷ್ಟು ಬಂತು?” ಹೇಳಿದೆ. ಗೋಡೆಯ ಕಡೆಗೆ ಹೊರಳಿದರು.

ಆ ತೊಲೆ ಈಗ ಬಂದ್ಯೋಡಿನ ಗೋದಾಮೊಂದರ ಮಾಡನ್ನು ಹೊತ್ತು ನಿಂತಿದೆ. ಬಣ್ಣ ಬಳಿಯುವ ಮೊದಲು ಆ 900 ಅನ್ನು ಒರೆಸಲು ವರ್ಕ್‌ಶಾಪಿನವರು ನನ್ನನ್ನೇ ಕಳಿಸಿದರು. ಒದ್ದೆ ಬಟ್ಟೆಗೆ ಒಂದೇ ಸಲಕ್ಕೆ ಹೋಯಿತು.