ಉಸಿರು ಕುಡಿದ ಗೋಡೆ

ಮನೆಗೆ ಬಣ್ಣ ಹಚ್ಚಲು ಬಂದವನು ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಅದರ ವಾಸನೆ ನವನಗರದ ನಮ್ಮ ಸೆಕ್ಟರಿಗೆಲ್ಲ ಸುದ್ದಿ ಮುಟ್ಟಿಸಿತು. “ಒರಸಿದ್ರ ಹೋಗಂಗಿಲ್ಲ, ತೊಳದ್ರ ಹೋಗಂಗಿಲ್ಲ. ಗಾಳಿ ಸೈತ ಒಳಗ ಹೋಗಂಗಿಲ್ರಿ ಸರ್,” ಎಂದ. ಗಾಳಿಯೂ ಹೋಗದ ಗೋಡೆಗೆ ಸಂತೋಷಪಡಬೇಕೋ ಮರುಗಬೇಕೋ ತಿಳಿಯದೆ ಹೂಂ ಎಂದೆ. ಅವನಿಗೆ ಜಾಗ ಮಾಡಲು ಕಪಾಟು ಸರಿಸಿದಾಗ ಮೇಲಿದ್ದ ಅವ್ವನ ಅಡಿಕೆ ಡಬ್ಬಿ ಕೆಳಗೆ ಬಿತ್ತು. ಅದರೊಳಗಿಂದ ಅಂಗೈಯಗಲದ ಒಂದು ಸುಣ್ಣದ ಹಕ್ಕಳೆ ಹೊರಬಂತು.

“ಗೋಡಿ ಚೂರು. ಒಗದು ಬಿಡ್ಲೇನ್ರಿ?”

ಬೇಡ ಎಂದೆ. ದನಿ ಸ್ವಲ್ಪ ಜೋರಾಗಿರಬೇಕು, ಅವನು ಎರಡು ಹೆಜ್ಜೆ ಹಿಂದೆ ಸರಿದ. ಅವನಿಗೆ ಹೇಳಲು ಆಗಲಿಲ್ಲ. ನಿಮಗೆ ಹೇಳುತ್ತೇನೆ.

ಹೈಸ್ಕೂಲಿನಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದವರು ಶಮಶಾದ ಅಕ್ಕೋರು. ಗುಳೇದಗುಡ್ಡದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಶಾಲೆಯ ಪ್ರಯೋಗಾಲಯವೆಂದರೆ ಒಂದು ಕಪಾಟು. ಅದರ ಕೀಲಿ ಹೆಡ್‌ಮಾಸ್ತರರ ಕಿಸೆಯಲ್ಲಿ, ಹೆಡ್‌ಮಾಸ್ತರರು ಸದಾ ಮೀಟಿಂಗಿನಲ್ಲಿ. ಹೀಗಾಗಿ ನಮ್ಮ ವಿಜ್ಞಾನವೆಲ್ಲ ಅಕ್ಕೋರ ಕೈಚೀಲದಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿ ಇರುತ್ತಿತ್ತು. ಒಂದು ದಿನ ಮೇಜಿನ ಮೇಲೆ ಮೂರು ಕಲ್ಲಿಟ್ಟು ಒಂದೊಂದರ ಮೇಲೂ ಆಮ್ಲದ ಹನಿ ಬಿಟ್ಟರು. ಬಾದಾಮಿಯ ಕೆಂಪು ಮರಳುಗಲ್ಲು ಕಮಕ್ ಕಿಮಕ್ ಎನ್ನಲಿಲ್ಲ. ಇಳಕಲ್ಲಿನ ಗ್ರಾನೈಟಂತೂ ಹನಿ ಬಿದ್ದದ್ದನ್ನೇ ಲೆಕ್ಕಕ್ಕೆ ಹಿಡಿಯಲಿಲ್ಲ. ನಮ್ಮ ಬಾಗಲಕೋಟೆಯ ಸುಣ್ಣದ ಕಲ್ಲು ಮಾತ್ರ ಬುಸುಬುಸು ನೊರೆಯೆದ್ದಿತು. ಊರಿನ ಮರ್ಯಾದೆ ಉಳಿಯಿತೋ ಹೋಯಿತೋ ಎಂದು ನಾವು ಮುಖ ಮುಖ ನೋಡಿಕೊಂಡೆವು.

“ಇದರಾಗ ಗಾಳಿ ಸೆರಿ ಸಿಕ್ಕಿರತೈತಿ,” ಎಂದರು ಅಕ್ಕೋರು. “ಭಟ್ಟಿಯೊಳಗ ಸುಟ್ರ ಆ ಗಾಳಿ ಹೋಗಿ ಸುಣ್ಣದ ಹರಳಾಗತೈತಿ. ಹರಳಿಗೆ ನೀರ ಹಾಕಿ ಗೋಡಿಗೆ ಹಚ್ಚಿದ್ರ, ನಮ್ಮ ಉಸಿರಿನ್ಯಾಗ ಇರೋ ಅದೇ ಗಾಳಿ ಕುಡದು ಮತ್ತ ಕಲ್ಲಾಗತೈತಿ.”

ಉಸಿರಿನಲ್ಲಿ ಅದಿದೆ ಎಂದು ತೋರಿಸಲು ಸುಣ್ಣದ ತಿಳಿನೀರಿಗೆ ಕೊಳವೆ ಇಟ್ಟು ಊದಲು ನನ್ನನ್ನು ಕರೆದರು. ಊದು ಎಂದರೆ ನಾನು ಎಳೆದೆ. ಉಳಿದವರು ಊದಿ ನೀರನ್ನು ಹಾಲಿನಂತೆ ಬೆಳ್ಳಗೆ ಮಾಡಿದರು. ನಾನು ಬಾಯಿ ಸುಟ್ಟುಕೊಂಡು ಮನೆಗೆ ಹೋಗಿ, ಸಾರು ಯಾಕೆ ಉಣ್ಣುತ್ತಿಲ್ಲ ಎಂದು ಕೇಳಿದ ಅವ್ವನಿಗೆ ಇಡೀ ಪಾಠ ಒಪ್ಪಿಸಬೇಕಾಯಿತು. ಅವ್ವ ಸಾಲೆ ಕಲಿತವಳಲ್ಲ. ಆದರೆ ಕೇಳಿದ್ದನ್ನು ಬಿಡುವವಳೂ ಅಲ್ಲ.

ಅದೇ ವರ್ಷ ನಮ್ಮ ಓಣಿ ಆಣೆಕಟ್ಟಿನ ಹಿನ್ನೀರಿಗೆ ಹೋಗುವುದು ಖಾತ್ರಿಯಾಯಿತು. ಮುಳುಗಡೆಯವರಿಗೆಂದು ಕಟ್ಟಿದ ನವನಗರದಲ್ಲಿ ಅಪ್ಪ ಬಾಡಿಗೆ ಮನೆ ಗೊತ್ತು ಮಾಡಿದ. ಅವ್ವ ಸುಣ್ಣದ ಹರಳು ತರಿಸಿದಳು.

“ಮುಳಗೋ ಮನಿಗಿ ಸುಣ್ಣ ಹಚ್ಚೂದು ಯಾವ ಶಾಣ್ಯಾತನ?” ಎಂದ ಅಪ್ಪ.

“ಮಗಳನ್ನ ಗಂಡನ ಮನಿಗಿ ಕಳಸೂಮುಂದ ಮಾಸಿದ ಸೀರಿ ಉಡಿಸಿ ಕಳಸ್ತೀರೇನು?”

ಅಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕಿದ. ಆಮೇಲೆ ಕುಂಚ ಹುಡುಕಿದ.

ಗಡಿಗೆಯಲ್ಲಿ ಹರಳು ಕೊತಕೊತ ಕುದಿದು ಅರಳಿತು. ಚಿಟಿಕೆ ನೀಲಿ ಬೆರೆಸಿ ಪಡಸಾಲೆಯ ಕಲ್ಲಿನ ಗೋಡೆಗೆ ಬಳಿದದ್ದೂ ಆಯಿತು. ಆಗ ಅವ್ವನಿಗೆ ಹೊಸ ಚಿಂತೆ ಹತ್ತಿತು. ನೀರು ಬಂದ ದಿನವೇ ಸುಣ್ಣ ತೊಳೆದು ಹೋದರೆ? ಅಕ್ಕೋರನ್ನು ಚಹಾಕ್ಕೆ ಕರೆತರಲು ನನ್ನನ್ನು ಅಟ್ಟಿದಳು.

“ಹಸೀ ಸುಣ್ಣ ಹೋಗತೈತ್ರಿ ಯಕ್ಕಾ. ಒಂದು ತಿಂಗಳ ಗಾಳಿ ಕುಡದು ಕಲ್ಲಾತಂದ್ರ ಸಸಾರ ಕರಗಂಗಿಲ್ಲ,” ಎಂದರು ಅಕ್ಕೋರು.

“ಬರೇ ಗಾಳಿ ಸಾಕೇನ್ರಿ, ಉಸಿರು ಬೇಕೇನ್ರಿ?”

“ಗಾಳೀನೂ ನಡೀತೈತಿ. ಉಸಿರಿದ್ರ ಲಗೂ ಆಗತೈತಿ.”

ಅಕ್ಕೋರು ಚಹಾ ಕುಡಿದು ಬಸ್ಸಿಗೆ ಹೋದರು. ನಾವು ಸಿಕ್ಕಿಬಿದ್ದೆವು. ಗೋಡೆ ಕಲ್ಲಾಗುವ ತನಕ ಮನೆ ಬಿಡುವುದಿಲ್ಲ ಎಂದು ಅವ್ವ ಕೂತಳು. ಊಟ, ನಿದ್ದೆ, ನನ್ನ ಓದು ಎಲ್ಲ ಆ ಗೋಡೆಯ ಎದುರಿಗೇ. ಅಪ್ಪ ಅದರ ಕಡೆ ಮುಖ ಮಾಡಿ ಪೇಪರನ್ನು ಜೋರಾಗಿ ಓದಬೇಕು. ಆ ತಿಂಗಳು ರಾಜಕೀಯದ ಒಳಸುಳಿ ನಮ್ಮ ಗೋಡೆಗೆ ತಿಳಿದಷ್ಟು ಊರಲ್ಲಿ ಯಾರಿಗೂ ತಿಳಿದಿರಲಿಕ್ಕಿಲ್ಲ. ನಾನು ಪಂಡಿತನಂತೆ, “ಸ್ಟೋವ್ ಹಚ್ಚಿಟ್ರೂ ಅದೇ ಗಾಳಿ ಬರತೈತಿ. ಸೀಮೆ ಎಣ್ಣಿ ಉರದ್ರ ಅದೇ,” ಎಂದೆ.

“ಸ್ಟೋವ್ ಈ ಮನ್ಯಾಗ ಹುಟ್ಟೈತೇನು?” ಎಂದಳು ಅವ್ವ.

ಹೋಗಿ ಬರ್ತೇವಿ ಎಂದು ಹೇಳಲು ಬಂದ ಓಣಿಯ ಹೆಂಗಸರನ್ನೂ ಅವ್ವ ಗೋಡೆಯ ಎದುರು ಕೂರಿಸಿದಳು. ಕೂತವರು ಅಳುತ್ತಿದ್ದರು. ಅಪ್ಪ ಸಮಾಧಾನ ಹೇಳಲು ಹೋದರೆ ಅವ್ವ ಬಿಡಲಿಲ್ಲ. “ಅಳ್ಳಿ ಬಿಡ್ರಿ, ಅತ್ತವರ ಉಸಿರು ದೊಡ್ಡದಿರತೈತಿ,” ಎಂದಳು. ನಗಬೇಡಿ. ಆಗ ನಾವೂ ನಗಲಿಲ್ಲ.

ಕಡೆಗೆ ಬಿಟ್ಟು ಬಂದೆವು, ನೀರೂ ಬಂತು. ಮುಂದಿನ ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ನೋಡಲು ಹೋದೆವು. ಮಾಳಿಗೆ ಕುಸಿದಿತ್ತು, ಮಣ್ಣಿನ ಗೋಡೆಗಳು ಕೂತಿದ್ದವು. ಪಡಸಾಲೆಯ ಕಲ್ಲಿನ ಗೋಡೆ ಮಾತ್ರ ಸೊಂಟಮಟ ರಾಡಿಯಲ್ಲಿ ನಿಂತಿತ್ತು. ರಾಡಿಯ ಮೇಲೆ ಅಲ್ಲಲ್ಲಿ ಸುಣ್ಣ ಹಿಡಿದುಕೊಂಡೇ ಇತ್ತು, ಬೆಳ್ಳಗೆ, ಒಂದಿಷ್ಟು ನೀಲಿಯಾಗಿ. ಅವ್ವ ಅಂಗೈ ಇಟ್ಟು ನೋಡಿದಳು. “ಅಕ್ಕೋರು ಸುಳ್ಳ ಹೇಳಿಲ್ಲ,” ಎಂದಳು. ಉಗುರಿನಿಂದ ಒಂದು ಹಕ್ಕಳೆ ಎಬ್ಬಿಸಿ ಸೆರಗಿಗೆ ಕಟ್ಟಿಕೊಂಡಳು. ಅದರ ಮುಂದಿನ ಬೇಸಿಗೆಗೆ ಗೋಡೆ ಇರಲಿಲ್ಲ.

ಈಗ ಅವ್ವನೂ ಇಲ್ಲ. ಹೋದದ್ದು ಹೋದ ವರ್ಷ. ನನಗಿನ್ನೂ ರೂಢಿಯಾಗಿಲ್ಲ.

ಇಷ್ಟನ್ನೂ ನಿಮಗಿಂತ ಮೊದಲು ಕೇಳಿದವಳು ಹತ್ತನೆಯ ತರಗತಿಯ ನನ್ನ ಮಗಳು. ಹಕ್ಕಳೆ ಕೈಯಲ್ಲಿಟ್ಟುಕೊಂಡು ಕೇಳಿದಳು: “ಪಪ್ಪಾ, ಇದರಾಗ ಖರೇನ ಅಜ್ಜಿ ಉಸಿರೈತೇನು?”

“ಪುಸ್ತಕದ ಪ್ರಕಾರ ಇರಬೇಕು,” ಎಂದೆ.

ಅವಳು ಅಡುಗೆಮನೆಯಿಂದ ನಿಂಬೆಹಣ್ಣಿನ ಹೋಳು ತಂದಳು. ಇರುವುದು ಇದೊಂದೇ ಹಕ್ಕಳೆ, ಅದರಿಂದ ಹೊರಬಿದ್ದ ಉಸಿರು ತಿರುಗಿ ಸಿಗುವುದಿಲ್ಲ. ಬೇಡ ಎನ್ನಲು ಬಾಯಿ ತೆರೆದೆ.

“ಒಂದು ಮೂಲ್ಯಾಗ, ಒಂದ ಹನಿ,” ಎಂದೆ.

ಹನಿ ಬಿತ್ತು. ಸಣ್ಣಗೆ ಬುಸುಗುಟ್ಟಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಶಮಶಾದ ಅಕ್ಕೋರು ನಮಗೆ ಬರೆಸಿದ್ದರು. ಗೊತ್ತಿದ್ದೂ ನಾನು ಬಗ್ಗಿ, ಆ ನೊರೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಉಸಿರು ಎಳೆದುಕೊಂಡೆ.