ಲ್ಯಾಬಿನಲ್ಲಿ ಉಸಿರುಗಟ್ಟಿದ ವರ್ಷ

ಕೆಮಿಸ್ಟ್ರಿ ಎಂ.ಎಸ್ಸಿ. ಎರಡನೇ ಸೆಮಿಸ್ಟರಿನ ಒಂದು ಮಧ್ಯಾಹ್ನ, ಲ್ಯಾಬಿನಲ್ಲಿ ಬ್ಯೂರೆಟ್ಟಿನ ಗಾಜಿನ ಕೊಳವೆಯ ತಿರುಪು ಹಿಡಿದು ನಿಂತಿದ್ದಾಗ, ನಾನು ಸಾಯುತ್ತಿದ್ದೇನೆ ಅನ್ನಿಸಿತು. ಎದೆ ಹಾರತೊಡಗಿತು, ಬೆರಳ ತುದಿಗಳು ಜುಮ್ಮೆಂದವು, ಎಷ್ಟು ಎಳೆದುಕೊಂಡರೂ ಉಸಿರು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಕೈಯಲ್ಲಿದ್ದ ಫ್ಲಾಸ್ಕು ಜಾರಿ ಸಿಂಕಿನಲ್ಲಿ ಒಡೆಯಿತು. ಇಡೀ ಬ್ಯಾಚು ನನ್ನ ಕಡೆ ತಿರುಗಿತು.

ಪಕ್ಕದ ಟೇಬಲ್ಲಿನ ಗೆಳತಿ ಓಡಿಬಂದು ಭುಜ ಹಿಡಿದಳು. "ಏನಾಯ್ತೇ? ಮುಖ ಎಲ್ಲಾ ಬಿಳಚ್ಕೊಂಡ್ಬಿಟ್ಟಿದೆ!"

"ಹಾರ್ಟು ಕಣೇ," ಅಂದೆ. ಅಷ್ಟೇ ಹೇಳಲಿಕ್ಕಾಗಿದ್ದು.

ಹಾರ್ಟು ಅಲ್ಲ. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದ ಡಾಕ್ಟರು, "ಎಲ್ಲಾ ನಾರ್ಮಲ್ ಇದೆ, ಗ್ಯಾಸ್ ಇರ್ಬೇಕು, ಹೊತ್ತೊತ್ತಿಗೆ ಊಟ ಮಾಡಮ್ಮ," ಎಂದು ಕಳಿಸಿದರು. ಹೊತ್ತೊತ್ತಿಗೆ ಊಟ ಮಾಡಿದೆ. ಮುಂದಿನ ವಾರ ಅದೇ ಲ್ಯಾಬಿನಲ್ಲಿ, ಅದೇ ಟೇಬಲ್ಲಿನ ಮುಂದೆ, ಅದು ಮತ್ತೆ ಬಂತು. ಆಮೇಲೆ ಲ್ಯಾಬಿನ ಮೆಟ್ಟಿಲು ಕಂಡರೆ ಸಾಕು, ಬಾಯಿ ಒಣಗುತ್ತಿತ್ತು. ನಾನು ಲ್ಯಾಬ್ ತಪ್ಪಿಸಲು ಶುರು ಮಾಡಿದೆ. ಬೆಳಿಗ್ಗೆ ದೊಡ್ಡಬೆಳವಂಗಲದಲ್ಲಿ ಬಸ್ಸು ಹತ್ತಿ, ದೊಡ್ಡಬಳ್ಳಾಪುರದಲ್ಲಿ ಇನ್ನೊಂದು ಬಸ್ಸು ಹಿಡಿದು, ದೇವನಹಳ್ಳಿ ಕಡೆಯ ನಮ್ಮ ವಿಶ್ವವಿದ್ಯಾಲಯಕ್ಕೆ ಹೋಗುವುದೇನೋ ಹೋಗುತ್ತಿದ್ದೆ. ಮಧ್ಯಾಹ್ನ ಎಲ್ಲರೂ ಬಿಳಿ ಕೋಟು ಹಾಕಿಕೊಂಡು ಮಹಡಿ ಹತ್ತುವಾಗ ನಾನು ಲೈಬ್ರರಿಯ ಹಿಂದಿನ ಹೊಂಗೆ ಮರದ ಕೆಳಗೆ ಕೂತುಬಿಡುತ್ತಿದ್ದೆ.

ಮನೆಯಲ್ಲಿ ಇದನ್ನು ಹೇಳುವುದು ಹೇಗೆ? ಅಪ್ಪನದು ಗುಲಾಬಿ ತೋಟ. ನಮ್ಮ ವಂಶದಲ್ಲಿ ಡಿಗ್ರಿ ದಾಟಿ ಓದಿದವಳು ನಾನೊಬ್ಬಳೇ. ಹೂವಿನ ಟೆಂಪೊ ಡ್ರೈವರಿನಿಂದ ಹಿಡಿದು ಹಾಲಿನ ಡೈರಿಯವರ ತನಕ ಎಲ್ಲರಿಗೂ ಅಪ್ಪ, "ಮಗಳು ಎಮ್ಮೆಸ್ಸಿ ಮಾಡ್ತಾವ್ಳೆ," ಎಂದು ಹೇಳಿಕೊಂಡು ಬಂದಿದ್ದರು.

ಹಾಜರಿ ಕಡಿಮೆಯಾದಾಗ ವಿಭಾಗದ ಮುಖ್ಯಸ್ಥರು ಕರೆಸಿದರು. ಅವರೆಂದರೆ ಎಲ್ಲರಿಗೂ ಹೆದರಿಕೆ. ನಗುವುದನ್ನು ನಾವು ಯಾರೂ ನೋಡಿರಲಿಲ್ಲ. ಮನೆಯಲ್ಲಿ ಮದುವೆ, ಜ್ವರ, ಬಸ್ಸು ಸಿಗಲಿಲ್ಲ ಎಂದು ಮೂರು ನಾಲ್ಕು ಸುಳ್ಳುಗಳನ್ನು ಜೋಡಿಸಿಕೊಂಡೇ ಹೋಗಿದ್ದೆ. ಅವರು ಕೇಳಿದ್ದು ಮಾತ್ರ ಬೇರೆ.

"ಥಿಯರಿ ಕ್ಲಾಸು ಒಂದೂ ತಪ್ಪಿಸಿಲ್ಲ ನೀನು. ಲ್ಯಾಬ್ ಮಾತ್ರ ಯಾಕೆ? ಅಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

ಆ ಪ್ರಶ್ನೆಗೆ ನನ್ನ ಹತ್ತಿರ ಸುಳ್ಳು ಇರಲಿಲ್ಲ. ನಡೆದದ್ದನ್ನೆಲ್ಲಾ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮ, ನನಗೆ ಗೊತ್ತಿರೋದು ಕೆಮಿಸ್ಟ್ರಿ. ಇದು ನನಗೆ ಗೊತ್ತಿಲ್ಲ. ಗೊತ್ತಿರೋರು ಕ್ಯಾಂಪಸ್ಸಲ್ಲೇ ಇದ್ದಾರೆ. ನಡಿ, ಹೋಗೋಣ."

ಹೋಗು ಅನ್ನಲಿಲ್ಲ, ಹೋಗೋಣ ಅಂದರು. ಆ ಬಿಸಿಲಿನಲ್ಲಿ ಆಡಳಿತ ಕಚೇರಿಯನ್ನು ಬಳಸಿಕೊಂಡು ನನ್ನ ಜೊತೆ ಆಪ್ತಸಮಾಲೋಚನೆಯ ಕೋಣೆಯವರೆಗೆ ನಡೆದುಬಂದರು. ದಾರಿಯುದ್ದಕ್ಕೂ ತೋಟದಲ್ಲಿ ಯಾವ ಜಾತಿಯ ಗುಲಾಬಿ ಹಾಕಿದ್ದೀರಿ, ಔಷಧಿ ಏನು ಹೊಡೀತೀರಿ ಎಂದು ವಿಚಾರಿಸಿದರು. ಬಾಗಿಲಲ್ಲಿ ನಿಂತು, "ಒಳಗೆ ಏನು ಮಾತಾಡ್ತೀಯೋ ಅದನ್ನ ನನಗೆ ಹೇಳಬೇಕಾಗಿಲ್ಲ," ಎಂದು ಹೇಳಿ ಹೊರಟುಹೋದರು. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ಅಷ್ಟು ದೂರ ಜೊತೆಯಲ್ಲಿ ನಡೆದುಬಂದದ್ದಕ್ಕೆ ಯಾವ ಭಾಷಣವೂ ಸಮ ಅನ್ನಿಸಿಲ್ಲ.

ಸಮಾಲೋಚಕಿ ನಲವತ್ತು ದಾಟಿದ ಹೆಂಗಸು. ಮಾಗಡಿ ಕಡೆಯವರು, ನಮ್ಮ ಚಿಕ್ಕಮ್ಮಂದಿರ ಹಾಗೇ ಮಾತಾಡುತ್ತಿದ್ದರು. ಕೂತ ತಕ್ಷಣ ನಾನು ಕೇಳಿದ್ದು ಒಂದೇ: "ಮೇಡಂ, ನಂಗೆ ಹುಚ್ಚು ಹಿಡೀತಾ ಇದೆಯಾ?"

"ಇಲ್ಲಮ್ಮ. ನಿನ್ನ ಮೈಗೆ ಗಾಬರಿಯಾಗಿದೆ, ಅಷ್ಟೇ. ಕತ್ತಲಲ್ಲಿ ಹಗ್ಗ ತುಳಿದು ಹಾವು ಅಂತ ಹಾರಿಬಿಡ್ತೀವಲ್ಲ? ಹಗ್ಗ ಅಂತ ಗೊತ್ತಾದ್ಮೇಲೂ ಎದೆ ಸ್ವಲ್ಪ ಹೊತ್ತು ಹೊಡ್ಕೋತಾನೇ ಇರುತ್ತೆ. ಆದ್ರೆ ಅದು ಏರಿದ ಹಾಗೇ ಇಳಿಯುತ್ತೆ. ಇಳಿಯೋ ತನಕ ನಿಲ್ಲೋದನ್ನ ಕಲಿಯೋಣ."

ಮೊದಲ ಕೆಲವು ವಾರ ಅವರು ಲ್ಯಾಬಿನ ಸುದ್ದಿಯನ್ನೇ ಹೆಚ್ಚು ಎತ್ತಲಿಲ್ಲ. ಮನೆಯ ವಿಷಯ ಕೇಳಿದರು. ನನ್ನನ್ನು ಸಾಕಿದ ಅಜ್ಜಿ ಮೊದಲ ಸೆಮಿಸ್ಟರಿನ ಪರೀಕ್ಷೆಗಳ ನಡುವೆ ತೀರಿಕೊಂಡಿದ್ದಳು. ಹುಟ್ಟಿದಾಗಿನಿಂದ ನಾನು ಮಲಗುತ್ತಿದ್ದದ್ದು ಅವಳ ಪಕ್ಕದಲ್ಲೇ. ಮಣ್ಣು ಮಾಡಿಬಂದು, ತಲೆಗೆ ನೀರು ಹಾಕಿಕೊಂಡು, ಮಾರನೇ ದಿನವೇ ಪರೀಕ್ಷೆಗೆ ಕೂತಿದ್ದೆ. ಚೆನ್ನಾಗಿಯೂ ಬರೆದೆ. "ಗಟ್ಟಿಗಿತ್ತಿ," ಅಂದರು ಎಲ್ಲರೂ. ಅಳುವುದಕ್ಕೆ ಮಾತ್ರ ಯಾವತ್ತೂ ಸಮಯವೇ ಆಗಿರಲಿಲ್ಲ. ಆ ಕೋಣೆಯಲ್ಲಿ ಆಯಿತು. ಅವರು ಫ್ಯಾನಿನ ವೇಗ ಸ್ವಲ್ಪ ಕಡಿಮೆ ಮಾಡಿ, ನಾನು ಅತ್ತು ಮುಗಿಸುವ ತನಕ ಜೊತೆಗೆ ಕೂತಿದ್ದರು.

ಕ್ಯಾಂಪಸ್ಸಿಗೆ ಬರುತ್ತಿದ್ದ ಮನೋವೈದ್ಯರ ಹತ್ತಿರವೂ ಕಳಿಸಿದರು. ಆ ವೈದ್ಯರು ಒಂದು ಮಾತ್ರೆ ಬರೆದುಕೊಟ್ಟರು. ಆ ಮಾತ್ರೆಯಿಂದಲೇ ಮನೆಯಲ್ಲಿ ಗೊತ್ತಾದದ್ದು. ಅಮ್ಮ ನನ್ನ ಬ್ಯಾಗಿನಲ್ಲಿ ಊಟದ ಡಬ್ಬಿ ಇಡಲು ಹೋಗಿ ಅದನ್ನು ನೋಡಿದಳು. ಔಷಧಿ ಅಂಗಡಿಯವನನ್ನು ಕೇಳಿಕೊಂಡು ಬಂದು ಅಡುಗೆಮನೆಯಲ್ಲಿ ನಿಂತೇ ಶುರು ಮಾಡಿದಳು.

"ತಲೆಗೆ ಸಂಬಂಧಪಟ್ಟ ಮಾತ್ರೆಯಂತೆ! ನಾಳೆ ಗಂಡಿನ ಕಡೆಯೋರಿಗೆ ಗೊತ್ತಾದ್ರೆ ಏನೇ ಗತಿ? ಶಿವಗಂಗೆಗೆ ಹೋಗಿ ಪೂಜೆ ಮಾಡಿಸ್ಕೊಂಡು ಬರೋಣ. ಆ ಮೇಡಂ ಹತ್ರ ಹೋಗೋದು ಇವತ್ತಿಗೇ ನಿಲ್ಸು."

"ಪೂಜೆ ಮಾಡ್ಸೋಣಮ್ಮ, ಬೇಡ ಅನ್ನಲ್ಲ. ಮೇಡಂ ಹತ್ರಾನೂ ಹೋಗ್ತೀನಿ," ಅಂದೆ. ಅಮ್ಮನಿಗೆ ಹಾಗೆ ಎದುರಾಡಿದ್ದು ಅದೇ ಮೊದಲು.

ಸೋಮವಾರ ಅಮ್ಮ ಅಪ್ಪನ ಬೈಕಿನ ಹಿಂದೆ ಕೂತು ಕ್ಯಾಂಪಸ್ಸಿಗೇ ಬಂದುಬಿಟ್ಟಳು. ಸಮಾಲೋಚಕಿಯ ಮುಂದೆ ಕುರ್ಚಿಯ ತುದಿಯಲ್ಲಿ ಕೂತು, ಸೆರಗು ಬಿಗಿಯಾಗಿ ಹೊದ್ದುಕೊಂಡು, ನೇರ ವಿಷಯಕ್ಕೆ ಬಂದಳು.

"ನಮ್ಮುಡುಗೀಗೆ ಏನೂ ಆಗಿಲ್ಲ ಮೇಡಮ್ನೋರೆ. ಓದಿ ಓದಿ ಸುಸ್ತಾಗವ್ಳೆ. ಇನ್ಮೇಲೆ ಇಲ್ಲಿಗೆ ಬರಲ್ಲ."

ಸಮಾಲೋಚಕಿ ವಾದಕ್ಕಿಳಿಯಲಿಲ್ಲ. ಕುಡಿಯಲು ನೀರು ಕೊಟ್ಟು, ನನ್ನ ಕಡೆ ತಿರುಗಿದರು. "ಲ್ಯಾಬಲ್ಲಿ ನಿಂಗೆ ಏನಾಗುತ್ತೆ ಅನ್ನೋದನ್ನ ಅಮ್ಮಂಗೆ ಒಂದ್ಸಲ ನೀನೇ ಹೇಳ್ತೀಯಾ?"

ನಾನು ಹೇಳತೊಡಗಿದೆ. ಎದೆ ಹಾರುವುದು, ಉಸಿರು ಇಳಿಯದಿರುವುದು, ಗೋಡೆ ಹತ್ತಿರ ಬಂದ ಹಾಗಾಗುವುದು. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ ಎಂಬುದನ್ನೂ ಹೇಳಿದೆ. ಅಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತುಬಿಟ್ಟಿತು.

"ಬೆರಳು ಜುಮ್ ಅಂತಾವಾ?" ಎಂದು ಕೇಳಿದಳು. ದನಿ ಬದಲಾಗಿತ್ತು.

"ಹೂಂ."

"ಈಗ್ಲೇ ಸತ್ತೋಗ್ತೀನಿ, ಇಳಿದು ಓಡೋಗ್ಬೇಕು ಅನ್ಸುತ್ತಾ?"

"ಹೂಂ ಅಮ್ಮ. ನಿಂಗೆ ಹೆಂಗೆ ಗೊತ್ತು?"

ಅಮ್ಮ ಉತ್ತರ ಕೊಟ್ಟದ್ದು ನನಗಲ್ಲ, ಮೇಜಿನಾಚೆ ಕೂತಿದ್ದವರಿಗೆ. "ಇವಳ ಅಣ್ಣ ಹುಟ್ಟಿದ ಮೇಲೆ, ಬಾಣಂತನ ಮುಗಿಸ್ಕೊಂಡು ತವರಿಂದ ಬಸ್ಸಲ್ಲಿ ಬರ್ತಿದ್ದೆ. ಕೂಸು ತೊಡೆ ಮೇಲಿತ್ತು. ಆಗ ಹಿಂಗೇ ಆಯ್ತು. ಆಮೇಲೆ ಎಷ್ಟು ಸಲ ಆಯ್ತೋ. ಒಬ್ಳೇ ಬಸ್ಸು ಹತ್ತೋದೇ ಬಿಟ್ಬಿಟ್ಟೆ."

ಅಮ್ಮನಿಗೆ ಬಸ್ಸು ಆಗಿಬರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ವಾಂತಿಯಾಗುತ್ತದೇನೋ ಎಂದುಕೊಂಡಿದ್ದೆವು. ಅವಳ ಅಕ್ಕಂದಿರು ಅದನ್ನು ಜಂಬ ಎಂದೂ ಆಡಿಕೊಂಡಿದ್ದರು. ಬಾಗಿಲ ಪಕ್ಕ ನಿಂತಿದ್ದ ಅಪ್ಪ ಎರಡು ಹೆಜ್ಜೆ ಮುಂದೆ ಬಂದರು.

"ಇಷ್ಟು ವರ್ಷ ಯಾಕೆ ನನಗೊಂದು ಮಾತು ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಇದಕ್ಕೊಂದು ಹೆಸರೈತೆ ಅಂತ ನಂಗೇನು ಗೊತ್ತಿತ್ತಾ?"

ಆಮೇಲೆ ಯಾರೂ ನನ್ನನ್ನು ಅಲ್ಲಿಗೆ ಹೋಗಬೇಡ ಅನ್ನಲಿಲ್ಲ. ಆವತ್ತು ಸಮಾಲೋಚಕಿ ನನ್ನನ್ನು ಹೊರಗೆ ಕಳಿಸಿ, ಅಮ್ಮನ ಹತ್ತಿರ ಬಹಳ ಹೊತ್ತು ಮಾತಾಡಿದರು. ನಾನೂ ಅಪ್ಪನೂ ಕ್ಯಾಂಟೀನಿನಲ್ಲಿ ಟೀ ಕುಡಿದೆವು. ಅಪ್ಪ ಟೀಯ ಕಡೆ ನೋಡುತ್ತಲೇ, "ನಿಮ್ಮಮ್ಮನ ನಾನು ಬೈದಿದ್ದೀನಿ ಕಣಮ್ಮ, ಬಸ್ಸಿನ ವಿಷಯಕ್ಕೆ," ಅಂದರು.

ವಿಶ್ವವಿದ್ಯಾಲಯ ನನಗೆ ಮಾಡಿಕೊಟ್ಟದ್ದು ದೊಡ್ಡ ಸಂಗತಿಗಳಲ್ಲ. ಆದರೆ ಒಂದೊಂದೂ ಸರಿಯಾದ ಜಾಗಕ್ಕೆ ತಾಗಿತು. ತಪ್ಪಿದ ಲ್ಯಾಬುಗಳನ್ನು ರಜೆಯಲ್ಲಿ, ಚಿಕ್ಕ ಬ್ಯಾಚಿನ ಜೊತೆ ಮಾಡಲು ಬಿಟ್ಟರು. ಬಾಗಿಲ ಪಕ್ಕದ ಟೇಬಲ್ಲು ಕೊಟ್ಟರು. ಬೇಕೆನಿಸಿದಾಗ ಯಾರನ್ನೂ ಕೇಳದೆ ಹೊರಗೆ ಹೋಗಿ ಬರಬಹುದು ಎಂದರು. ಹೊರಗೆ ಹೋಗಬಹುದು ಎಂದು ಗೊತ್ತಾದ ಮೇಲೆ ಹೋಗುವ ಅಗತ್ಯವೇ ಅರ್ಧ ಕಡಿಮೆಯಾಯಿತು. ಅಂಕದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇರಲಿಲ್ಲ, ನಾನು ಕೇಳಲೂ ಇಲ್ಲ. ಮೊದಲು ಖಾಲಿ ಲ್ಯಾಬಿನಲ್ಲಿ ಗೆಳತಿಯ ಜೊತೆ ಸುಮ್ಮನೆ ನಿಂತು ಬರುತ್ತಿದ್ದೆ. ಆಮೇಲೆ ಗಾಜಿನ ಸಾಮಾನು ತೊಳೆದೆ. ಕೊನೆಗೆ ಬ್ಯೂರೆಟ್ಟು ಹಿಡಿದೆ.

ಸೆಮಿಸ್ಟರಿನ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅದು ಬಂತು. ಬರುತ್ತದೆ ಎಂದು ನನಗೆ ಗೊತ್ತಿತ್ತು. ಪಿಪೆಟ್ಟನ್ನು ಸ್ಟ್ಯಾಂಡಿನಲ್ಲಿಟ್ಟು ಹೊರಗೆ ಹೋದೆ. ಕಾರಿಡಾರಿನ ಕಂಬಿ ಹಿಡಿದು, ಉಸಿರನ್ನು ನಿಧಾನವಾಗಿ ಹೊರಗೆ ಬಿಡುತ್ತಾ ನಿಂತೆ. ಕೆಳಗೆ ಯಾರೋ ಬೈಕು ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು. ಆ ಬೈಕು ಸ್ಟಾರ್ಟ್ ಆಗುವ ಹೊತ್ತಿಗೆ ನನ್ನ ಎದೆಬಡಿತ ಇಳಿದಿತ್ತು. ಒಳಗೆ ಬಂದು ಟೈಟ್ರೇಶನ್ ಮುಗಿಸಿದೆ, ವೈವಾದಲ್ಲಿ ಕೇಳಿದ್ದಕ್ಕೆಲ್ಲಾ ಉತ್ತರ ಕೊಟ್ಟೆ. ಫಲಿತಾಂಶ ಬಂದ ದಿನ ಮುಖ್ಯಸ್ಥರು ಕಾರಿಡಾರಿನಲ್ಲಿ ಎದುರಾಗಿ, "ಗುಡ್," ಎಂದು ಹೇಳಿ ನಡೆದರು. ಅವರ ಬಾಯಲ್ಲಿ ಅದು ದೊಡ್ಡ ಮಾತೇ.

ಈಗ ನಾನು ಅರಿಶಿನಕುಂಟೆ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಮಾತ್ರೆ ನಿಂತು ಬಹಳ ಕಾಲವಾಯಿತು. ಕೆಲಸಕ್ಕೆ ಸೇರಿದ ವರ್ಷವೇ ಪ್ರಿನ್ಸಿಪಾಲರ ಹಿಂದೆ ಬಿದ್ದು, ಹಳೇ ಕುರ್ಚಿಗಳನ್ನು ತುಂಬಿಟ್ಟಿದ್ದ ಒಂದು ಕೋಣೆಯನ್ನು ಆಪ್ತಸಮಾಲೋಚನೆಗೆಂದು ಖಾಲಿ ಮಾಡಿಸಿದೆ. "ಇದಕ್ಕೆಲ್ಲಾ ಯಾರು ಬರ್ತಾರೆ ಬಿಡಿ ಮೇಡಂ," ಅಂದಿದ್ದರು ಅವರು. ಈಗ ವಾರಕ್ಕೊಮ್ಮೆ ಸಮಾಲೋಚಕರು ಬಂದಾಗ ಹೊರಗಿನ ಬೆಂಚು ಖಾಲಿ ಇರುವುದಿಲ್ಲ.

ಹೋದ ತಿಂಗಳು ಪಾಠದ ನಡುವೆ, ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಿದ್ದಾಗ, ಬೆರಳು ಜುಮ್ಮೆಂದಿತು. ಎಷ್ಟೋ ಕಾಲದ ಮೇಲೆ. "ಎರಡು ನಿಮಿಷ," ಎಂದು ಹೇಳಿ ಹೊರಗೆ ಹೋಗಿ ನಿಂತು ಬಂದೆ. ಮುಂದಿನ ಬೆಂಚಿನ ಹುಡುಗಿ, "ಏನಾಯ್ತು ಮೇಡಂ? ನೀರು ಬೇಕಾ?" ಎಂದಳು.

ಸುಳ್ಳು ಹೇಳಬೇಕು ಅನ್ನಿಸಲಿಲ್ಲ. "ನಂಗೆ ಒಂದೊಂದ್ಸಲ ಹಿಂಗೆ ಗಾಬರಿ ಬರುತ್ತೆ. ಪ್ಯಾನಿಕ್ ಅಟ್ಯಾಕ್ ಅಂತಾರೆ. ಬರುತ್ತೆ, ಹೋಗುತ್ತೆ. ಈಗ ಹೋಯ್ತು," ಅಂದೆ.

ಆಮೇಲೆ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು.

"ಮೇಡಂ, ಆ ಎರಡನೇ ಸ್ಟೆಪ್ಪು ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ಸೀಮೆಸುಣ್ಣ ತೆಗೆದುಕೊಂಡು ಹೇಳಿದೆ.